ಸಿಮೆಂಟ್ ಇಲ್ಲದೆ ತೋಟಕ್ಕೊಂದು ಕಲ್ಲುಗೋಡೆ: ಪಾಯದಿಂದ ಹೊದಿಕೆಗಲ್ಲಿನವರೆಗೆ

ಮಧುಗಿರಿ, ಕೊರಟಗೆರೆ ಕಡೆ ಎಲ್ಲಿ ಬಸ್ ಇಳಿದರೂ ಮೊದಲು ಕಣ್ಣಿಗೆ ಬೀಳುವುದು ಕಲ್ಲು. ಬೆಟ್ಟ ಕಲ್ಲು, ಬದು ಕಲ್ಲು, ಹಳೇ ಮನೆಯ ಚಾವಣಿಯೂ ಕಲ್ಲುಚಪ್ಪಡಿ. ಇಂಥ ಊರಿನಲ್ಲಿ ಈಗ ತೋಟದ ಕಾಂಪೌಂಡಿಗೆ ಹಾಲೋ ಬ್ಲಾಕ್ ಕಟ್ಟಿ, ಅದರ ಮೇಲೆ ಕಲ್ಲಿನ ಚಿತ್ರವಿರುವ ಟೈಲ್ಸ್ ಅಂಟಿಸುತ್ತಾರೆ. ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ.

ನಾನೂ ಮೊದಲು ದುಡ್ಡು ಕೊಟ್ಟೇ ತಪ್ಪು ಮಾಡಿದವನು. ತೋಟದ ಇಳಿಜಾರಿಗೆ ಸಿಮೆಂಟ್ ಗಾರೆ ಹಾಕಿಸಿ ಮೂರೂವರೆ ಅಡಿ ಎತ್ತರದ ಕಲ್ಲುಗೋಡೆ ಕಟ್ಟಿಸಿದೆ. ನೋಡಲು ಅಚ್ಚುಕಟ್ಟು, ಒಂದು ಸಂದೂ ಕಾಣದ ಹಾಗೆ ಪಾಯಿಂಟಿಂಗ್. ನೀರು ಹೊರಬೀಳಲು ತೂತು ಬಿಡಿಸುವುದು ನನಗೆ ಹೊಳೆಯಲಿಲ್ಲ, ಕಟ್ಟಿದವರೂ ಕೇಳಲಿಲ್ಲ. 2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರ, ತುಮಕೂರಿನ ಕೆರೆಗಳು ಕೋಡಿ ಬಿದ್ದವಲ್ಲ, ಆ ವಾರವೇ ನನ್ನ ಗೋಡೆಯೂ ಮುಂದಕ್ಕೆ ವಾಲಿ ಮಲಗಿತು. ಅದೇ ತೋಟದ ಮೂಲೆಯಲ್ಲಿ ತಾತನ ಕಾಲದ ಸೇದುಬಾವಿ ಇದೆ. ಅದರ ಒಳಗೋಡೆಗೆ ಒಂದು ಬೊಗಸೆ ಗಾರೆಯೂ ಇಲ್ಲ. ಬರೀ ಕಲ್ಲಿನ ಮೇಲೆ ಕಲ್ಲು. ಆ ಮಳೆಯಲ್ಲಿ ಅದರ ಸಂದುಸಂದಿನಿಂದ ನೀರು ಜಿನುಗುತ್ತಿತ್ತು, ಒಂದು ಕಲ್ಲೂ ಅಲುಗಿರಲಿಲ್ಲ. ಬಿದ್ದ ಗೋಡೆಯ ಕಲ್ಲುಗಳಿಂದಲೇ, ಬಾವಿ ಕಟ್ಟಿದವರ ಲೆಕ್ಕದಲ್ಲಿ ಮತ್ತೆ ಕಟ್ಟಿದೆ. ಆ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಷ್ಟು ಎತ್ತರ, ಯಾವ ಗೋಡೆ

ಮೊದಲು ತೀರ್ಮಾನಿಸಬೇಕಾದದ್ದು ಒಂದೇ: ಗೋಡೆಯ ಎರಡೂ ಕಡೆ ಬಯಲೋ, ಒಂದು ಕಡೆ ಮಣ್ಣೋ? ಎರಡೂ ಕಡೆ ಬಯಲಿದ್ದರೆ ಅದು ಬೇಲಿಗೋಡೆ, ತನ್ನ ಭಾರವನ್ನು ತಾನು ಹೊತ್ತರೆ ಸಾಕು. ಹಿಂದೆ ಮಣ್ಣಿದ್ದರೆ ಅದು ತಡೆಗೋಡೆ. ಮಣ್ಣಿನ ಒತ್ತಡವನ್ನೂ, ಅದಕ್ಕಿಂತ ಹೆಚ್ಚಾಗಿ ನೀರಿನ ಒತ್ತಡವನ್ನೂ ಅದು ತಡೆಯಬೇಕು. ಸ್ವಂತ ಕೈಯಲ್ಲಿ ಕಟ್ಟುವವರು ಬೇಲಿಗೋಡೆಗೆ ನಾಲ್ಕು ಅಡಿ, ತಡೆಗೋಡೆಗೆ ಮೂರು ಅಡಿ ದಾಟಬೇಡಿ. ದಾಟಲೇಬೇಕಾದರೆ ಎಂಜಿನಿಯರ್ ಒಬ್ಬರಿಗೆ ಜಾಗ ತೋರಿಸಿ. ಇಳಿಜಾರು ಐದು ಅಡಿ ಇದ್ದರೆ ಒಂದೇ ಗೋಡೆಯಲ್ಲಿ ಮುಗಿಸುವ ಹಟ ಬೇಡ. ಎರಡೂವರೆ ಅಡಿಯ ಎರಡು ಗೋಡೆ ಕಟ್ಟಿ, ನಡುವೆ ಕನಿಷ್ಠ ಐದು ಅಡಿ ಅಗಲದ ಪಟ್ಟೆ ಬಿಡಿ. ಆ ಪಟ್ಟೆಯಲ್ಲಿ ಕನಕಾಂಬರವೋ ಕರಿಬೇವೋ ಬೆಳೆಯಬಹುದು.

ನಮ್ಮ ಕೆಂಪುಮಣ್ಣು, ಅದರಡಿಯ ಗರಸು ಗೋಡೆಗೆ ಒಳ್ಳೆಯ ನೆಲ. ಎರೆಮಣ್ಣಿರುವ ಕಡೆ ಮಾತ್ರ ಎಚ್ಚರ. ಅದು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಪಾಯ ಗಟ್ಟಿ ನೆಲ ಸಿಗುವವರೆಗೂ ಇಳಿಯಬೇಕು.

ಕಲ್ಲು ಆರಿಸುವುದು

ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಭೂವಿಜ್ಞಾನಿಗಳು ಕ್ಲೋಸ್‌ಪೇಟ್ ಗ್ರಾನೈಟ್ ಎಂದು ಕರೆಯುವ ಶಿಲಾಪಟ್ಟಿ ಅಲ್ಲಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಸೀಳಿಕೊಂಡು ಹೋಗುತ್ತದೆ. ಗುಲಾಬಿ ಮಿಶ್ರಿತ ಬೂದುಬಣ್ಣ, ಮೈಮೇಲೆ ದೊಡ್ಡ ದೊಡ್ಡ ಹರಳು: ಕೈಗೆ ಸಿಕ್ಕರೆ ಗುರುತು ಹಿಡಿಯಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೂದು ಗ್ರಾನೈಟ್ ಮತ್ತು ಪಟ್ಟೆಪಟ್ಟೆಯ ನೈಸ್ (gneiss) ಎಂಬ ಶಿಲೆ ಹೆಚ್ಚು. ನೈಸ್ ಕಲ್ಲು ಪಟ್ಟೆಯ ಗುಂಟ ಸೀಳುವುದರಿಂದ ಚಪ್ಪಟೆ ಮುಖ ಸುಲಭವಾಗಿ ಸಿಗುತ್ತದೆ. ಹೊಸಬರಿಗೆ ಅದೇ ಮೇಲು. ಗುಂಡುಕಲ್ಲು ನೋಡಲು ಚೆಂದ, ಗೋಡೆಗೆ ಶತ್ರು. ಉರುಳುವುದನ್ನು ಮಾತ್ರ ಕಲಿತ ಕಲ್ಲು ಕೂರುವುದಿಲ್ಲ, ಒಡೆದು ಮುಖ ಮಾಡಿಕೊಂಡರಷ್ಟೇ ಉಪಯೋಗ.

ಗಟ್ಟಿತನ ನೋಡಲು ಸುತ್ತಿಗೆಯಿಂದ ಒಂದೇಟು ಕೊಟ್ಟು ಕಿವಿಗೊಡಿ. ‘ಖಣ್’ ಎಂದರೆ ಒಳಗೆ ಬಿರುಕಿಲ್ಲ. ‘ಡಬ್’ ಎಂದರೆ ಬಿರುಕು ಬಿಟ್ಟಿದೆ ಅಥವಾ ಮಳೆಬಿಸಿಲಿಗೆ ಹಣ್ಣಾಗಿದೆ. ಮಾಲೂರು ತಾಲ್ಲೂಕಿನ ಶಿವಾರಪಟ್ಟಣದಲ್ಲಿ ವಿಗ್ರಹ ಕಡೆಯುವ ಶಿಲ್ಪಿಗಳೂ ಕಲ್ಲಿನ ನಾದ ಕೇಳಿಯೇ ಮುಂದುವರಿಯುತ್ತಾರೆ. ನಮ್ಮ ತೋಟದ ಗೋಡೆಗೆ ಅಷ್ಟು ಶ್ರುತಿಜ್ಞಾನ ಬೇಡ, ಡಬ್ ಎನ್ನುವುದನ್ನು ಪಕ್ಕಕ್ಕಿಟ್ಟರೆ ಸಾಕು.

ಎಲ್ಲಿಂದ ತರುವುದು? ಕ್ವಾರಿಯಿಂದ ಸೈಜುಗಲ್ಲು ತಂದರೆ ಕೆಲಸ ಬೇಗ, ಖರ್ಚು ಹೆಚ್ಚು, ನೋಟ ಸ್ವಲ್ಪ ಇಟ್ಟಿಗೆಗೋಡೆಯ ಹಾಗೆ. ಕಾಡುಗಲ್ಲು ಅಗ್ಗ, ಕೆಲಸ ನಿಧಾನ, ನೋಟ ಚೆಂದ. ನನ್ನ ಮಾತು ಕೇಳುವುದಾದರೆ ಮೂಲೆಗಳಿಗೆ ಮಾತ್ರ ಒಂದಿಷ್ಟು ಸೈಜುಗಲ್ಲು ಕೊಂಡು ಉಳಿದದ್ದಕ್ಕೆ ಕಾಡುಗಲ್ಲು ಹಾಕಿ. ಹಳೇ ಕಲ್ಲಿನ ಆಸೆಯಿದ್ದರೆ ಎರಡು ಕಡೆ ವಿಚಾರಿಸಿ. ಚಿಕ್ಕಬಳ್ಳಾಪುರ ಕಡೆ ದ್ರಾಕ್ಷಿ ಚಪ್ಪರ ತೆಗೆಯುವ ರೈತರ ಹತ್ತಿರ ಕಲ್ಲುಕಂಬಗಳಿರುತ್ತವೆ. ಪಾವಗಡ, ಮಧುಗಿರಿ ಕಡೆ ಕೆಡವುವ ಮನೆಗಳಲ್ಲಿ ಚಾವಣಿಯ ಚಪ್ಪಡಿ ಸಿಗುತ್ತದೆ. ಎರಡಕ್ಕೂ ಮುಂದೆ ಕೆಲಸವಿದೆ.

ಬೆಟ್ಟದ ಬುಡದಲ್ಲಿ ಬಿದ್ದಿದೆಯಲ್ಲ ಎಂದು ಟ್ರಾಕ್ಟರ್ ಹೊಡೆದುಕೊಂಡು ಹೋಗಬೇಡಿ. ಕಟ್ಟಡದ ಕಲ್ಲು ಉಪಖನಿಜದ ಲೆಕ್ಕಕ್ಕೆ ಬರುತ್ತದೆ, ಸಾಗಿಸಲು ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಪರವಾನಗಿ ಬೇಕು. ಮಾರುವವರಿಂದ ಆ ಚೀಟಿ ಕೇಳಿ ಇಟ್ಟುಕೊಳ್ಳಿ. ಕೋಟೆ, ಕಲ್ಯಾಣಿ, ಹಾಳು ಗುಡಿಯ ಕಲ್ಲಂತೂ ಮುಟ್ಟಲೇಬೇಡಿ. ನಿಮ್ಮ ಹೊಲದಲ್ಲೇ ಬಂಡೆಯಿದ್ದರೂ ಮದ್ದು ಇಡುವ ಯೋಚನೆ ಬೇಡ. 2021ರ ಫೆಬ್ರವರಿಯಲ್ಲಿ ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿ ಹತ್ತಿರ ಜಿಲೆಟಿನ್ ಸಿಡಿದು 6 ಜನ ಸತ್ತದ್ದನ್ನು ಈ ಭಾಗದವರು ಮರೆತಿಲ್ಲ. ಸಣ್ಣ ಬಂಡೆಗೆ ಹಳೆಯ ದಾರಿಯೇ ಸಾಕು: ಸೀಳಬೇಕಾದ ಗೆರೆಯ ಮೇಲೆ ನಾಲ್ಕು ಇಂಚಿಗೊಂದರಂತೆ ಎರಡು ಮೂರು ಇಂಚು ಆಳದ ತೂತು ಹಾಕಿ, ಕಬ್ಬಿಣದ ಬೆಣೆ ಇಟ್ಟು, ಈ ತುದಿಯಿಂದ ಆ ತುದಿಗೆ ಸರದಿಯಲ್ಲಿ ಒಂದೊಂದೇ ಏಟು. ಒಂದೇ ಬೆಣೆಯನ್ನು ಜಜ್ಜಿದರೆ ಅಲ್ಲಿಯಷ್ಟೇ ಚಕ್ಕೆ ಹಾರುತ್ತದೆ. ಏಟಿನ ಸದ್ದು ದಪ್ಪಗಾದಾಗ ನಿಲ್ಲಿಸಿ, ಎಲೆಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಡಿ. ಕಲ್ಲು ತಾನೇ ಬಿಟ್ಟುಕೊಳ್ಳುತ್ತದೆ.

ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್, ಕಾಲಿಗೆ ಗಟ್ಟಿ ಬೂಟು. ಗ್ರಾನೈಟ್ ಧೂಳು ಶ್ವಾಸಕೋಶದಲ್ಲಿ ಕೂತರೆ ಇಳಿಯುವುದಿಲ್ಲ. ಮೆಷಿನ್‌ನಲ್ಲಿ ಕೊಯ್ಯುವುದಾದರೆ ನೀರು ಬಿಟ್ಟುಕೊಂಡೇ ಕೊಯ್ಯಿರಿ.

ಎಷ್ಟು ಕಲ್ಲು ಬೇಕು

ಒಂದು ಘನ ಅಡಿ ಗ್ರಾನೈಟ್ ಸುಮಾರು 75 ಕೆಜಿ ತೂಗುತ್ತದೆ. 12 ಇಂಚು ಉದ್ದ, 8 ಇಂಚು ಅಗಲ, 6 ಇಂಚು ದಪ್ಪದ ಕಲ್ಲು 25 ಕೆಜಿ. ಒಬ್ಬರು ಬೆನ್ನು ಕೆಡಿಸಿಕೊಳ್ಳದೆ ದಿನವಿಡೀ ಎತ್ತಬಹುದಾದ ಮಿತಿ ಅಷ್ಟೇ. ಅದಕ್ಕಿಂತ ದೊಡ್ಡದಕ್ಕೆ ಇಬ್ಬರು, ಇಲ್ಲವೇ ಹಾರೆ ಮತ್ತು ಹಲಗೆ.

ಉದಾಹರಣೆಗೆ 30 ಅಡಿ ಉದ್ದ, ನೆಲದಿಂದ 3 ಅಡಿ ಎತ್ತರದ ಬೇಲಿಗೋಡೆ ತೆಗೆದುಕೊಳ್ಳೋಣ. ಬುಡದಲ್ಲಿ 28 ಇಂಚು, ತಲೆಯಲ್ಲಿ 16 ಇಂಚು ಅಗಲ. ಸರಾಸರಿ 22 ಇಂಚು. ನೆಲದ ಮೇಲಿನ ಭಾಗ 165 ಘನ ಅಡಿ. ಪಾಯ 32 ಇಂಚು ಅಗಲ, ಒಂದಡಿ ಆಳವೆಂದರೆ ಇನ್ನೊಂದು 80. ಒಟ್ಟು 245. ಟ್ರಾಲಿಯಲ್ಲಿ ಕಲ್ಲು ಸಡಿಲವಾಗಿ ಬಿದ್ದಿರುತ್ತದೆ, ಗೋಡೆಯಲ್ಲಿ ಬಿಗಿಯಾಗಿ ಕೂರುತ್ತದೆ, ಕೂರದ ಕಲ್ಲೂ ಒಂದಿಷ್ಟು ಉಳಿಯುತ್ತದೆ. ಆದ್ದರಿಂದ ಕಾಲು ಭಾಗ ಸೇರಿಸಿ 300 ಘನ ಅಡಿ, ಅಂದರೆ ಮೂರು ಯೂನಿಟ್ ಹೇಳಿ. ಕಲ್ಲುಗಳ ನಡುವಿನ ಸಂದು ಕಳೆದರೂ ಕಟ್ಟಿ ಮುಗಿದಾಗ ಅಲ್ಲಿ 12–13 ಟನ್ ಭಾರ ಕೂತಿರುತ್ತದೆ. ಟ್ರಾಲಿಯ ಅಳತೆ ಊರಿಗೊಂದು. ‘ಒಂದು ಲೋಡು’ ಎಂದು ಮಾತಾಡಬೇಡಿ, ಟೇಪು ಹಿಡಿದು ಉದ್ದ, ಅಗಲ, ಎತ್ತರ ಅಳೆದೇ ದರ ಮಾತಾಡಿ.

ಹರಡಿ ವಿಂಗಡಿಸುವುದು

ಈ ಕೆಲಸ ತಪ್ಪಿಸಿದವರು ಆಮೇಲೆ ದಿನಕ್ಕೆ ನೂರು ಸಲ ಗುಡ್ಡೆ ಕೆದಕುತ್ತಾರೆ. ಗೋಡೆಯ ಗೆರೆಯಿಂದ ಮೂರು ಅಡಿ ಜಾಗ ಬಿಟ್ಟು ಅದರ ಉದ್ದಕ್ಕೂ ಕಲ್ಲು ಹರಡಿ. ಅತಿ ದೊಡ್ಡವು ಪಾಯಕ್ಕೆ, ಗೆರೆಗೆ ಹತ್ತಿರ. ಒಂದು ಚಪ್ಪಟೆ ಮುಖ ಇರುವವು ಅದರ ಹಿಂದೆ. ಎರಡು ಅಡಿ ಉದ್ದದವು ಬೇರೆ. ಚಪ್ಪಟೆ ಹೊದಿಕೆಗಲ್ಲು ಕೊನೆಗೆ. ಚಕ್ಕೆಗಳನ್ನು ಎಸೆಯಬೇಡಿ, ಗೋಡೆಯ ಹೊಟ್ಟೆಗೆ, ಅಂದರೆ ಎರಡು ಮುಖಗಳ ನಡುವಿನ ಸಂದಿಗೆ, ಅವೇ ಊಟ. ಗುಡ್ಡೆ ರಾತ್ರಿಯಿಡೀ ಬಿದ್ದಿದ್ದರೆ ಬೆಳಿಗ್ಗೆ ಕೈಹಾಕುವ ಮೊದಲು ಹಾರೆಯಿಂದ ಮಗುಚಿ. ಚೇಳು ಇದ್ದೇ ಇರುತ್ತದೆ, ಕೊಳಕುಮಂಡಲವೂ ಇರಬಹುದು.

ಪಾಯ

ಮೇಲಿನ ಸಡಿಲ ಮಣ್ಣು, ಬೇರು, ಗರಿಕೆ ಪೂರ್ತಿ ತೆಗೆದು ಒಂದಡಿ ಇಳಿಯಿರಿ. ತಳ ಇನ್ನೂ ಮೆತ್ತಗಿದ್ದರೆ ಮತ್ತೆ ಅರ್ಧ ಅಡಿ. ದಿಮ್ಮಸಿನಿಂದ ಚೆನ್ನಾಗಿ ಬಡಿಯಿರಿ. ಇಳಿಜಾರಿನ ಉದ್ದಕ್ಕೆ ಗೋಡೆ ಹೋಗುವುದಾದರೆ ಪಾಯವನ್ನು ಮೆಟ್ಟಿಲು ಮೆಟ್ಟಿಲಾಗಿ ತೋಡಿ, ಪ್ರತಿ ಮೆಟ್ಟಿಲೂ ಮಟ್ಟಸವಾಗಿರಲಿ. ಓರೆ ಪಾಯದ ಮೇಲಿನ ಗೋಡೆ ನಿಧಾನಕ್ಕೆ ಕೆಳಗೆ ಜಾರುತ್ತದೆ.

ಪಾಯದ ಕಲ್ಲನ್ನು ಉದ್ದುದ್ದಕ್ಕೆ ಮಲಗಿಸಬೇಡಿ. ಉದ್ದ ಒಳಗೆ ಹೋಗಲಿ, ಗಿಡ್ಡ ಮುಖ ಹೊರಗೆ ಕಾಣಲಿ. ನನಗೂ ಮೊದಲು ಇದು ನಷ್ಟದ ಬಾಬತ್ತು ಅನ್ನಿಸಿತ್ತು. ಇಷ್ಟು ಚೆಂದದ ಅಗಲ ಮುಖವನ್ನು ಮಣ್ಣಲ್ಲಿ ಬಚ್ಚಿಡುವುದೇ ಎಂದು. ಆದರೆ ಗೋಡೆಯನ್ನು ಹಿಡಿದಿಡುವುದು ಒಳಗೆ ಹೋದ ಉದ್ದ. ಎರಡು ಸಾಲು ದೊಡ್ಡ ಕಲ್ಲು ಎದುರುಬದುರು ಕೂರಿಸಿ, ನಡುವಿನ ಸಂದಿಗೆ ಚಕ್ಕೆ ಬಡಿದು ತುಂಬಿ. ಮಣ್ಣು ತುಂಬಬೇಡಿ, ಮಳೆಗೆ ಅದು ತೊಳೆದುಹೋಗಿ ಒಳಗೆ ಪೊಳ್ಳಾಗುತ್ತದೆ.

ವರಸೆ ಕಟ್ಟುವುದು

ಎರಡು ತುದಿಗಳಲ್ಲಿ ನೀಲಗಿರಿ ಗಳುಗಳ ಚೌಕಟ್ಟು ನಿಲ್ಲಿಸಿ: ಬುಡದಲ್ಲಿ 28 ಇಂಚು, ಮೂರಡಿ ಎತ್ತರದಲ್ಲಿ 16 ಇಂಚು. ಅಂದರೆ ಪ್ರತಿ ಮುಖವೂ ಅಡಿಗೆ ಎರಡು ಇಂಚಿನಂತೆ ಒಳಗೆ ವಾಲುತ್ತದೆ. ಮಧುಗಿರಿ ಕೋಟೆಯ ಗೋಡೆಯನ್ನು ಪಕ್ಕದಿಂದ ನೋಡಿ, ಕೆರೆ ಏರಿಯ ಕಲ್ಲುಕಟ್ಟಣೆ ನೋಡಿ. ಯಾವುದೂ ಕಂಬದ ಹಾಗೆ ನೆಟ್ಟಗಿಲ್ಲ. ಗಳುಗಳ ನಡುವೆ ಎರಡೂ ಕಡೆ ನೂಲು ಕಟ್ಟಿ, ಪ್ರತಿ ವರಸೆ, ಅಂದರೆ ಒಂದು ಸಾಲು ಕಲ್ಲು, ಮುಗಿದ ಮೇಲೆ ನೂಲು ಏರಿಸುತ್ತಾ ಹೋಗಿ.

ಕಲ್ಲಿಟ್ಟ ಮೇಲೆ ಅಂಗೈಯಿಂದ ಒತ್ತಿ ನೋಡಿ. ಅಲುಗಾಡಿದರೆ ತೆಗೆದು ಮಗುಚಿ ಇಡಿ, ಆಗಲೂ ಅಲುಗಾಡಿದರೆ ಹಿಂದಿನಿಂದ ಚಕ್ಕೆ ಕೊಡಿ. ಮುಂದಿನಿಂದ ಚಕ್ಕೆ ತುರುಕಿ ನಿಲ್ಲಿಸುವುದು ಕಣ್ಣುಕಟ್ಟು. ಎರಡು ಬೇಸಿಗೆ ಕಳೆಯುವುದರಲ್ಲಿ ಆ ಚಕ್ಕೆ ಉದುರುತ್ತದೆ, ಕಲ್ಲು ಹಿಂದೆಯೇ ಬರುತ್ತದೆ. ಕೆಳಗಿನ ಎರಡು ಕಲ್ಲಿನ ಸಂದನ್ನು ಮೇಲಿನ ಒಂದು ಕಲ್ಲು ಮುಚ್ಚಬೇಕು. ಮೇಲಿಂದ ಕೆಳಗೆ ಮೂರು ಸಂದು ಒಂದೇ ಗೆರೆಯಲ್ಲಿ ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ಪ್ರತಿ ಹತ್ತು ನಿಮಿಷಕ್ಕೆ ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದರೆ ಇದು ಕಾಣುತ್ತದೆ, ಹತ್ತಿರದಿಂದ ಕಾಣುವುದಿಲ್ಲ.

ಹೊಟ್ಟೆ ತುಂಬುವ ಕೆಲಸವನ್ನು ಕೈಯಾಳಿಗೆ ಬಿಟ್ಟು ಮಾತಿಗೆ ಕೂರಬೇಡಿ. ಬಾಣಲಿಯಿಂದ ಸುರಿದ ಚಕ್ಕೆ ತುಂಬಿದಂತೆ ಕಂಡರೂ ಬೆಣೆಯಂತೆ ಕೆಲಸ ಮಾಡಿ ಎರಡು ಮುಖಗಳನ್ನೂ ಹೊರಗೆ ತಳ್ಳುತ್ತದೆ. ಒಂದೊಂದೇ ಚಕ್ಕೆಯನ್ನು ಕೈಯಿಂದ ಇಡಬೇಕು, ಪ್ರತಿ ವರಸೆಗೂ ಆಗಿಂದಾಗಲೇ.

ಒಂದೂವರೆ ಅಡಿ ಎತ್ತರ ಬಂದಾಗ ಅಡ್ಡಗಲ್ಲಿನ ಸರದಿ. ಮೇಸ್ತ್ರಿಗಳು ಥ್ರೂ ಕಲ್ಲು ಎನ್ನುತ್ತಾರೆ. ಗೋಡೆಯ ಈ ಮುಖದಿಂದ ಆ ಮುಖಕ್ಕೆ ದಾಟುವ ಉದ್ದಗಲ್ಲು, ಮೂರು ಅಡಿಗೊಂದು. ಅದಿಲ್ಲದ ಗೋಡೆ ಎಂದರೆ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಎರಡು ತೆಳು ಗೋಡೆ ಅಷ್ಟೇ, ನಡುವೆ ಉಬ್ಬಿ ಬಸಿರಾಗಿ ಬೀಳುತ್ತದೆ. ಇಲ್ಲಿಗೆ ಬೇಕಾಗುವುದು ದ್ರಾಕ್ಷಿ ಚಪ್ಪರದ ಕಂಬ. ಆರೂವರೆ ಅಡಿಯ ಕಂಬವನ್ನು ಮೂರು ತುಂಡು ಮಾಡಿದರೆ ತಲಾ 26 ಇಂಚು. ಆ ಎತ್ತರದಲ್ಲಿ ಗೋಡೆಯ ಅಗಲ 22 ಇಂಚು. ಎರಡು ಇಂಚು ಆಚೆಈಚೆ ಚಾಚಿಕೊಂಡರೆ ನೋಟಕ್ಕೂ ಚೆಂದ, ಹೂಕುಂಡ ನೇತುಹಾಕಲೂ ಆಯಿತು.

ಮೂಲೆ ಮತ್ತು ತುದಿಗಳನ್ನು ಮೊದಲು ಎರಡು ವರಸೆ ಎತ್ತಿಕೊಂಡು, ನಡುವನ್ನು ಆಮೇಲೆ ತುಂಬುತ್ತಾ ಬನ್ನಿ. ಮೂಲೆಗಲ್ಲಿನ ಉದ್ದ ಒಂದು ವರಸೆಯಲ್ಲಿ ಈ ಕಡೆಗೆ, ಮುಂದಿನದರಲ್ಲಿ ಆ ಕಡೆಗೆ. ನಾನು ಒಬ್ಬ ಕೈಯಾಳಿನ ಜತೆ ದಿನಕ್ಕೆ ನಾಲ್ಕು ಅಡಿ ಉದ್ದ ಮುಗಿಸಿದರೆ ದೊಡ್ಡದು. ಕಲ್ಲಿನಲ್ಲೇ ಬೆಳೆದ ಭೋವಿ ಮೇಸ್ತ್ರಿಯೊಬ್ಬರು ಅದೇ ಹೊತ್ತಿನಲ್ಲಿ ಎರಡರಷ್ಟು ಕಟ್ಟಿದ್ದಲ್ಲದೆ ನನ್ನ ಹಿಂದಿನ ದಿನದ ಎರಡು ಅಡಿ ಕಿತ್ತು ಸರಿಮಾಡಿದರು. ಒಂದು ದಿನದ ಕೂಲಿ ಕೊಟ್ಟು ಅಂಥವರ ಪಕ್ಕದಲ್ಲಿ ನಿಂತು ಕೆಲಸ ಮಾಡಿ, ಯಾವ ವಿಡಿಯೋ ನೋಡಿದರೂ ಅಷ್ಟು ಬರುವುದಿಲ್ಲ.

ಮೇಲಿನ ಹೊದಿಕೆಗೆ ಎರಡು ಮೂರು ಇಂಚು ದಪ್ಪದ ಚಪ್ಪಡಿ. ಗೋಡೆಯ ಪೂರ್ತಿ ಅಗಲ ಮುಚ್ಚಬೇಕು. ಮಕ್ಕಳು ಹತ್ತಿ ಓಡಾಡುವ ಗೋಡೆಯಾದರೆ ಇಲ್ಲಿಗೆ ಮಾತ್ರ ಸಿಮೆಂಟ್ ಗಾರೆ ಹಾಕಿ, ತಪ್ಪಲ್ಲ.

ಹಿಂದೆ ಮಣ್ಣಿದ್ದರೆ

ತಡೆಗೋಡೆಗೆ ಬೇರೆ ಚೌಕಟ್ಟು. ಬುಡದ ಅಗಲ ಎತ್ತರದ ಅರ್ಧಕ್ಕಿಂತ ಕಡಿಮೆಯಾಗಬಾರದು. ಮೂರು ಅಡಿಗೆ ನಾನು ಎರಡು ಅಡಿ ಇಟ್ಟೆ. ಮುಂದಿನ ಮುಖ ಮಣ್ಣಿನ ಕಡೆಗೆ ಅಡಿಗೆ ಎರಡು ಇಂಚು ವಾಲಲಿ, ಪ್ರತಿ ಕಲ್ಲೂ ತುಸು ಹಿಂದಕ್ಕೆ ಇಳಿಜಾರಾಗಿ ಕೂರಲಿ. ಉದ್ದಗಲ್ಲುಗಳ ಬಾಲ ಹಿಂದಿನ ಜಲ್ಲಿಯೊಳಗೆ ಹೋಗಲಿ.

ಇನ್ನು ನೀರು. ಗೋಡೆಯ ಬೆನ್ನಿಗೆ ಒಂದಡಿ ಅಗಲಕ್ಕೆ 40 ಎಂಎಂ ಜಲ್ಲಿ, ಗೋಡೆ ಏರಿದಂತೆ ಅದೂ ಏರಬೇಕು. ತಳದಲ್ಲಿ ನಾಲ್ಕು ಇಂಚಿನ ತೂತು ಪೈಪು, ನೂರು ಅಡಿಗೆ ಒಂದಡಿ ಇಳಿಜಾರಿನಲ್ಲಿ ಹೊರಗೆ ಬಾಯಿ ಬಿಟ್ಟಿರಲಿ. ಜಲ್ಲಿಗೂ ಮಣ್ಣಿಗೂ ನಡುವೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ. ತಿಪಟೂರು ಸೀಮೆಯ ಸ್ನೇಹಿತರೊಬ್ಬರು ತೆಂಗಿನ ನಾರಿನ ಚಾಪೆ ಹಾಕಲು ಹೇಳಿದ್ದರು. ಅಭಿಮಾನ ಸರಿ, ಆದರೆ ಮಣ್ಣಿನಲ್ಲಿ ಅದು ಕೆಲವು ವರ್ಷಕ್ಕೆ ಕರಗುತ್ತದೆ, ಮಣ್ಣು ಜಲ್ಲಿಗೆ ಇಳಿದು ದಾರಿ ಕಟ್ಟುತ್ತದೆ. ನಾರಿನ ಚಾಪೆಯನ್ನು ಇಳಿಜಾರಿನ ಮೇಲ್ಮೈಗೆ ಹಾಸಿ, ಹುಲ್ಲು ಬೇರು ಬಿಡುವವರೆಗೆ ಮಣ್ಣು ಹಿಡಿಯಲು ಅದು ಬಲು ಚೆನ್ನ. ಜಲ್ಲಿಯ ಮೇಲೆ ಬಟ್ಟೆ ಮಡಿಚಿ ಅರ್ಧ ಅಡಿ ಮಣ್ಣು ಮುಚ್ಚಿ, ಗೋಡೆಗೆ ನಾಲ್ಕು ಅಡಿ ಮೇಲೆ ಸಣ್ಣ ಕಾಲುವೆ ತೆಗೆದು ಮೇಲಿಂದ ಬರುವ ಮಳೆನೀರನ್ನು ಪಕ್ಕಕ್ಕೆ ತಿರುಗಿಸಿ. ನಮ್ಮಲ್ಲಿ ಹೆಚ್ಚು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಜನವರಿಯಲ್ಲಿ ಪಾಯ ತೆಗೆದರೆ ಅಷ್ಟರಲ್ಲಿ ಕೆಲಸ ಮುಗಿದು ಗೋಡೆ ಕೂತಿರುತ್ತದೆ.

ಗಾರೆ ಹಾಕಿಯೇ ಕಟ್ಟುವೆ ಎನ್ನುವವರು ನೀರು ಹೊರಬೀಳಲು ಗೋಡೆಯಲ್ಲಿ ಕನಿಷ್ಠ ಐದು ಅಡಿಗೊಂದು ಪೈಪು ಬಿಡಿಸಿ. ನನ್ನ ಮಾತಿನಲ್ಲಿ ನಂಬಿಕೆ ಬರದಿದ್ದರೆ ಬಿದ್ದ ಗೋಡೆಯ ಸಿಮೆಂಟ್ ಮುದ್ದೆಗಳು ಇನ್ನೂ ಹುಣಸೆಮರದ ಕೆಳಗಿವೆ.

ಬಂಡೆ, ಹಾದಿ, ಗಿಡ

ತೋಟದಲ್ಲಿ ಒಂಟಿ ಬಂಡೆ ಇಡುವ ಮೊದಲು ಕೋಲಾರದ ಅಂತರಗಂಗೆಗೋ ದೇವರಾಯನದುರ್ಗಕ್ಕೋ ಹೋಗಿ ಅಲ್ಲಿನ ಬಂಡೆಗಳು ಹೇಗೆ ಕೂತಿವೆ ನೋಡಿ. ಯಾವುದೂ ನೆಲದ ಮೇಲೆ ಇಟ್ಟ ಹಾಗಿಲ್ಲ, ನೆಲದಿಂದ ಎದ್ದ ಹಾಗಿವೆ. ಮೂರನೇ ಒಂದು ಪಾಲು ಹೂತು, ಬಿಸಿಲುಮಳೆ ಕಂಡ ಕಪ್ಪುಮೈ ಮೇಲೆ ಬರುವಂತೆ ಇಟ್ಟರೆ ಸಹಜ ಕಾಣುತ್ತದೆ. ಒಂದೇ ಗಾತ್ರದ ಐದು ಬಂಡೆ ಸಾಲಾಗಿಟ್ಟರೆ ರಸ್ತೆ ತಡೆ ಹಾಕಿದ ಹಾಗೆ ಕಾಣುತ್ತದೆ. ಬಿಳಿ ಸುಣ್ಣ ಬಳಿಯುವವರ ವಿಷಯ ನಾನು ಮಾತಾಡುವುದಿಲ್ಲ.

ಹಾದಿಗೆ ಹಳೇ ಚಪ್ಪಡಿ, ನಡುವಿಂದ ನಡುವಿಗೆ ಎರಡು ಅಡಿ, ಅಡಿಯಲ್ಲಿ ಎರಡು ಇಂಚು ಎಂ ಸ್ಯಾಂಡ್. ಪಾಲಿಶ್ ಮಾಡಿದ ಗ್ರಾನೈಟ್ ಬೇಡ, ಮಳೆಗೆ ಜಾರುತ್ತದೆ. ಕರಿಕಲ್ಲು ಏಪ್ರಿಲ್ ಮಧ್ಯಾಹ್ನ ಬರಿಗಾಲಿಗೆ ಕಾವಲಿ.

ಗೋಡೆಯ ಸಂದುಗಳಲ್ಲಿ ಟೇಬಲ್ ರೋಸ್, ದೊಡ್ಡಪತ್ರೆ, ಲೋಳೆಸರ ಬದುಕುತ್ತವೆ. ಕಟ್ಟುವಾಗಲೇ ಬೇರಿನ ಸುತ್ತ ಒಂದು ಹಿಡಿ ಮಣ್ಣು ಸೇರಿಸಿ ಇಡಬೇಕು, ಆಮೇಲೆ ತುರುಕಿದರೆ ಒಣಗುತ್ತವೆ. ತಡೆಗೋಡೆಯ ಮೇಲ್ಭಾಗಕ್ಕೆ ಲಾವಂಚ: ಬೇರು ನೇರ ಕೆಳಗಿಳಿದು ಮಣ್ಣು ಹಿಡಿಯುತ್ತದೆ. ಓತಿಕ್ಯಾತ, ಹಾವುರಾಣಿ ತಾವಾಗಿ ಬರುತ್ತವೆ. ಬೇರೆಯವೂ ಬರಬಹುದು. ಮಕ್ಕಳು ಆಡುವ ಕಡೆ ಕೆಳಗಿನ ಒಂದೂವರೆ ಅಡಿಯ ಸಂದುಗಳನ್ನು ಚಕ್ಕೆಯಿಂದ ಬಿಗಿಯಾಗಿ ಮುಚ್ಚಿ.

ಮೊದಲ ಮಳೆಗಾಲದ ನಂತರ

ಗೋಡೆ ಅರ್ಧ ಇಂಚು ಕೂರುವುದು ಸಹಜ. ಹಕ್ಕಿ ಹಿಕ್ಕೆಯಿಂದ ಮೊಳೆತ ಅರಳಿ, ಆಲ, ಗೋಣಿ ಸಸಿ ಕಂಡ ದಿನವೇ ಬೇರುಸಮೇತ ಕೀಳಿ. ಮೊಳ ಉದ್ದ ಬಂದ ಮೇಲೆ ಕತ್ತರಿಸಿದರೂ ಮತ್ತೆ ಚಿಗುರಿ ಕಲ್ಲನ್ನೇ ಎತ್ತುತ್ತದೆ. ಎಲ್ಲಾದರೂ ಉಬ್ಬು ಕಂಡರೆ ಆ ಭಾಗವನ್ನಷ್ಟೇ ಮೇಲಿಂದ ಬಿಚ್ಚಿ, ಮೇಲೆ ಅಗಲ ಕೆಳಗೆ ಕಿರಿದಾಗುವಂತೆ, ಗಟ್ಟಿ ವರಸೆ ಸಿಗುವವರೆಗೆ. ಬಿಚ್ಚುವ ಮೊದಲು ಮೊಬೈಲಿನಲ್ಲಿ ಒಂದು ಫೋಟೋ ತೆಗೆದು, ಕಲ್ಲುಗಳಿಗೆ ಸೀಮೆಸುಣ್ಣದಲ್ಲಿ ನಂಬರ್ ಬರೆಯಿರಿ. ನಾನು ಮೊದಲ ಸಲ ನಂಬರ್ ಬರೆಯದೆ ಬಿಚ್ಚಿ, ಎಂಟು ಕಲ್ಲು ಉಳಿಸಿಕೊಂಡೆ. ಈಗ ಅವು ಬಾವಿಯ ಪಕ್ಕ ಬಟ್ಟೆ ಒಗೆಯುವ ಕಟ್ಟೆಯಾಗಿವೆ.